45 ಯೂನಿಟ್ ಬ್ಯಾಟರಿಯ ಎಲೆಕ್ಟ್ರಿಕ್ ಕಾರು ನಂಬಿ ಚಿಕ್ಕಮಗಳೂರಿನಿಂದ ಬೆಂಗಳೂರು, ಮಂಗಳೂರಿಗೆ ಹೋಗಿಬರಬಹುದೇ?

ಕಾರು ಮನೆಗೆ ಬರುವ ಮೊದಲೇ ಇದನ್ನು ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಮಾಡಬೇಕಾದ ಕೆಲಸದಲ್ಲಿ ಅರ್ಧದಷ್ಟು ಡೆಲಿವರಿಗೆ ಮುಂಚೆಯೇ ಆಗಬೇಕಾದದ್ದು. ನೀವು ಬರೆದಿರುವಂತೆ ನಿಮ್ಮ ಮನೆ ಚಿಕ್ಕಮಗಳೂರು ಪೇಟೆಯಲ್ಲಿದೆ, ಕಾರು ಕೈಗೆ ಬರಲು ಇನ್ನು ಕೆಲವು ವಾರಗಳಿವೆ, ಬೆಂಗಳೂರಿನಲ್ಲಿರುವ ಮಗಳ ಮನೆಗೂ ತಾಯಿಯವರ ಚಿಕಿತ್ಸೆಗೆಂದು ಮಂಗಳೂರಿಗೂ ಆಗಾಗ ಹೋಗಬೇಕು. ಕಂಪನಿ ಹೇಳುವ ದೂರಕ್ಕೂ ಓಡಿಸುವವರು ಹೇಳುವ ದೂರಕ್ಕೂ ತಾಳೆಯಾಗದೆ ಮನೆಯಲ್ಲಿ ಎಲ್ಲರಿಗೂ ಆತಂಕವಾಗಿದೆ. ನಾನು ಹಾಸನದವನು, ಇಷ್ಟೇ ಬ್ಯಾಟರಿಯ ಕಾರಿನಲ್ಲಿ ಇವೇ ಎರಡು ದಿಕ್ಕಿಗೆ ಓಡಾಡುತ್ತೇನೆ. ಎರಡೂ ಊರಿಗೆ ನೀವು ನಿಶ್ಚಿಂತೆಯಿಂದ ಹೋಗಿಬರಬಹುದು. ಆದರೆ ಕಿಲೋಮೀಟರಿನ ಲೆಕ್ಕವನ್ನು ಬದಿಗಿಟ್ಟು ಯೂನಿಟ್ಟಿನ ಲೆಕ್ಕವನ್ನು ಹಿಡಿಯಬೇಕು.

ಯೂನಿಟ್ ಎಂದರೆ ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್, ಅಂದರೆ ಒಂದು ಕಿಲೋವ್ಯಾಟ್-ಅವರ್ (kWh). ಕಂಪನಿಯವರು ಹೇಳುವ ದೂರ ಪ್ರಯೋಗಾಲಯದಲ್ಲಿ, ರೋಲರ್ ಮೇಲೆ, ಕಡಿಮೆ ಸರಾಸರಿ ವೇಗದಲ್ಲಿ ಅಳೆದದ್ದು. ಎದುರುಗಾಳಿ, ಘಟ್ಟ, ಒದ್ದೆ ರಸ್ತೆ, ಐದು ಜನ ಮತ್ತು ಅವರ ಸಾಮಾನು ಯಾವುದೂ ಆ ಸಂಖ್ಯೆಯಲ್ಲಿ ಇರುವುದಿಲ್ಲ. ಅದು ಒಂದು ಕಾರನ್ನು ಇನ್ನೊಂದಕ್ಕೆ ಹೋಲಿಸಲು ಸರಿ, ನಿಮ್ಮ ದಾರಿಯನ್ನು ಅಳೆಯಲು ಅಲ್ಲ. ಒಂದು ಯೂನಿಟ್ಟಿಗೆ ನಿಮ್ಮ ಕಾರು, ನಿಮ್ಮ ಕಾಲಿನ ಕೆಳಗೆ, ನಿಮ್ಮ ರಸ್ತೆಯಲ್ಲಿ ಎಷ್ಟು ಕಿಲೋಮೀಟರ್ ಓಡುತ್ತದೆ ಎಂಬುದೊಂದು ತಿಳಿದರೆ ಉಳಿದದ್ದೆಲ್ಲ ಸರಳ ಭಾಗಾಕಾರ.

ಬೆಂಗಳೂರಿನ ದಾರಿಯನ್ನೇ ಮೊದಲು ನೋಡೋಣ. ಬೇಲೂರು, ಹಾಸನ, ಚನ್ನರಾಯಪಟ್ಟಣ, ಬೆಳ್ಳೂರು ಕ್ರಾಸ್, ಕುಣಿಗಲ್, ನೆಲಮಂಗಲದ ಮೂಲಕ ಸುಮಾರು 245 ಕಿ.ಮೀ. ಆಗುತ್ತದೆ. ಹಾಸನದಾಚೆಯ ಚತುಷ್ಪಥದಲ್ಲಿ 80ರ ಆಸುಪಾಸಿನಲ್ಲಿ ಹೋದರೆ ಯೂನಿಟ್ಟಿಗೆ ಆರೂವರೆ ಕಿ.ಮೀ. ಸಿಗುತ್ತದೆ ಎಂದಿಟ್ಟುಕೊಳ್ಳಿ, ಒಟ್ಟು 38 ಯೂನಿಟ್ ಬೇಕು, ಬ್ಯಾಟರಿಯಲ್ಲಿ ಏಳು ಉಳಿಯುತ್ತದೆ. ಅದೇ ದಾರಿಯಲ್ಲಿ 100ರ ಮೇಲೆ ಹೋದರೆ ಯೂನಿಟ್ಟಿಗೆ ಐದೂವರೆಗೆ ಇಳಿಯಬಹುದು, ಆಗ ಬೇಕಾಗುವುದು ಹೆಚ್ಚುಕಡಿಮೆ 45, ಅಂದರೆ ನೆಲಮಂಗಲದ ಟ್ರಾಫಿಕ್‌ನಲ್ಲಿ ಬ್ಯಾಟರಿ ಬರಿದಾಗುವ ಸ್ಥಿತಿ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 80ರಿಂದ 100ಕ್ಕೆ ಹೋದಾಗ ವೇಗ ಕಾಲು ಭಾಗದಷ್ಟು ಹೆಚ್ಚಿದರೂ ಗಾಳಿಯನ್ನು ಸೀಳಲು ಪ್ರತಿ ಕಿಲೋಮೀಟರಿಗೆ ಬೇಕಾಗುವ ಶಕ್ತಿ ಶೇ. 56ರಷ್ಟು ಹೆಚ್ಚುತ್ತದೆ. ಎ.ಸಿ. ಹಾಕಿದರೆ ದೂರ ಕಡಿಮೆಯಾಗುತ್ತದೆಂದು ಹಲವರು ಹೆದರಿ ಸೆಕೆಯಲ್ಲೇ ಕೂರುತ್ತಾರೆ, ಆದರೆ ಅದು ಗಂಟೆಗೆ ಸುಮಾರು ಒಂದು ಯೂನಿಟ್ ತಿನ್ನುತ್ತದೆ ಅಷ್ಟೆ. ವೇಗದ ಮುಂದೆ ಅದು ಲೆಕ್ಕಕ್ಕಿಲ್ಲ.

ಏಳು ಯೂನಿಟ್ ಉಳಿಯುತ್ತದೆಂದು ನಿಲ್ಲಿಸದೆ ಹೋಗಬೇಡಿ. ಚನ್ನರಾಯಪಟ್ಟಣದಿಂದ ಕುಣಿಗಲ್‌ವರೆಗಿನ ನಡುವೆ ಎಲ್ಲಾದರೂ ಕಾಫಿ ತಿಂಡಿಗೆ ಹೇಗೂ ನಿಲ್ಲುತ್ತೀರಿ; ಆ ನಿಲುಗಡೆ ಡಿಸಿ ಫಾಸ್ಟ್ ಚಾರ್ಜರ್ (ಮನೆಯ ಚಾರ್ಜರಿಗಿಂತ ಹಲವು ಪಟ್ಟು ಬೇಗ ತುಂಬಿಸುವಂಥದು) ಇರುವ ಹೋಟೆಲಿನಲ್ಲಿರಲಿ. ಇಪ್ಪತ್ತು ನಿಮಿಷಕ್ಕೆ ಹನ್ನೆರಡರಿಂದ ಹದಿನೈದು ಯೂನಿಟ್ ಸೇರಿದರೆ ಬೆಂಗಳೂರಿನೊಳಗೆ ಓಡಾಡಲೂ ಸಾಕು. ದಾರಿಯಲ್ಲಿ 80 ಶೇಕಡಾ ದಾಟಿದ ಮೇಲೆ ಗನ್ (ಕಾರಿಗೆ ಚುಚ್ಚುವ ಚಾರ್ಜರಿನ ಹಿಡಿ) ತೆಗೆದು ಹೊರಡಿ. ಲಿಥಿಯಂ ಕೋಶಗಳು ತುಂಬುತ್ತಾ ಬಂದಂತೆ ಅವುಗಳಿಗೆ ಹಾನಿಯಾಗದಿರಲೆಂದು ಕಾರೇ ಕರೆಂಟನ್ನು ತಗ್ಗಿಸುತ್ತದೆ, ಕೊನೆಯ 20 ಶೇಕಡಾ ತುಂಬಲು ಮೊದಲಿನ ದೊಡ್ಡ ಭಾಗಕ್ಕೆ ಹಿಡಿದಷ್ಟೇ ಹೊತ್ತು ಹಿಡಿಯಬಹುದು, ಮತ್ತು ಹಿಂದೆ ಇನ್ನೊಬ್ಬರು ಕಾದಿರುತ್ತಾರೆ. ಹಿಂತಿರುಗುವಾಗ ಒಂದು ಯೂನಿಟ್ ಹೆಚ್ಚಿಗೆ ಇಟ್ಟುಕೊಳ್ಳಿ, ನಿಮ್ಮ ಊರು ಬೆಂಗಳೂರಿಗಿಂತ ಎತ್ತರದಲ್ಲಿದೆ.

ಮಂಗಳೂರಿನ ದಾರಿ ಬೇರೆಯೇ. ದೂರ ಕಡಿಮೆ, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ, ಉಜಿರೆ, ಬಿ.ಸಿ. ರೋಡ್ ಮಾರ್ಗವಾಗಿ ಸುಮಾರು 150 ಕಿ.ಮೀ. ಆದರೆ ನೀವು ಸಾವಿರ ಮೀಟರಿಗೂ ಹೆಚ್ಚು ಎತ್ತರದಿಂದ ಸಮುದ್ರದ ಮಟ್ಟಕ್ಕೆ ಇಳಿಯುತ್ತೀರಿ, ಸಂಜೆ ಅಷ್ಟನ್ನೂ ಹತ್ತಬೇಕು. ಜನ ಕೂತು ಎರಡು ಟನ್ ತೂಗುವ ಕಾರನ್ನು ಅಷ್ಟು ಮೇಲಕ್ಕೆ ಎತ್ತಲು, ಮೋಟಾರಿನ ನಷ್ಟ ಸೇರಿ, ಆರರಿಂದ ಆರೂವರೆ ಯೂನಿಟ್ ಹೆಚ್ಚಿಗೆ ಬೇಕು. ಇಳಿಯುವಾಗ ಅದರಲ್ಲಿ ನಾಲ್ಕರಷ್ಟು ಬ್ಯಾಟರಿಗೆ ಮರಳುತ್ತದೆ. ಘಟ್ಟದ ರಸ್ತೆಯಲ್ಲಿ ವೇಗ ಕಡಿಮೆಯಿರುವುದರಿಂದ ಮೂಲ ಖರ್ಚನ್ನು 22 ಎಂದು ಹಿಡಿದರೆ ಹೋಗಲು 18, ಬರಲು 28. ಎರಡೂ ಸೇರಿದರೆ 46, ನಿಮ್ಮಲ್ಲಿರುವುದು 45. ಆದ್ದರಿಂದ ಮಂಗಳೂರಿನಲ್ಲಿ ಚಾರ್ಜ್ ಮಾಡದೆ ಹಿಂತಿರುಗುವ ಮಾತೇ ಬೇಡ. ತಲುಪಿದಾಗ 27 ಉಳಿದಿರುತ್ತದೆ. ತಾಯಿಯವರು ಡಾಕ್ಟರನ್ನು ನೋಡುವ ಹೊತ್ತಿನಲ್ಲಿ ಅರ್ಧ ಗಂಟೆ ಫಾಸ್ಟ್ ಚಾರ್ಜರಿಗೆ ಹಾಕಿದರೆ 40ರ ಹತ್ತಿರ ಬರುತ್ತದೆ, ಹತ್ತು ಹನ್ನೆರಡು ಯೂನಿಟ್ ಕೈಯಲ್ಲಿ ಉಳಿಸಿಕೊಂಡೇ ಮನೆ ಸೇರುತ್ತೀರಿ.

ಚಾರ್ಮಾಡಿ ಇಳಿಯುವುದನ್ನು ಒಮ್ಮೆ ನೀವೇ ಗಮನಿಸಿ ನೋಡಬೇಕು. ಕೊಟ್ಟಿಗೆಹಾರ ದಾಟಿ ಇಳಿಜಾರು ಹಿಡಿದ ಮೇಲೆ ಆಕ್ಸಿಲರೇಟರಿನಿಂದ ಕಾಲು ಸಡಿಲಿಸಿದರೆ ಸಾಕು, ಮೋಟಾರು ಜನರೇಟರ್ ಆಗಿ ತಿರುಗಿ ಕಾರನ್ನು ಹಿಡಿದಿಡುತ್ತದೆ, ಪ್ರತಿ ಹಿಮ್ಮುರಿ ತಿರುವಿಗೆ ಮುಂಚೆ ಕಾರು ತಾನಾಗಿ ನಿಧಾನವಾಗುತ್ತದೆ, ಡ್ಯಾಶ್‌ಬೋರ್ಡಿನ ಸೂಚಕ ಖರ್ಚಿನ ಬದಿಯಿಂದ ಜಮೆಯ ಬದಿಗೆ ವಾಲಿಕೊಂಡೇ ಇರುತ್ತದೆ. ಕೆಳಗೆ ಚಾರ್ಮಾಡಿ ಹಳ್ಳಿ ಸೇರುವ ಹೊತ್ತಿಗೆ ಬ್ಯಾಟರಿಯ ಶೇಕಡಾ ಘಟ್ಟದ ತಲೆಯಲ್ಲಿದ್ದುದಕ್ಕಿಂತ ಎರಡು ಮೂರು ಹೆಚ್ಚಿರುತ್ತದೆ. ಬ್ರೇಕ್ ಪೆಡಲನ್ನು ಹೆಚ್ಚು ಮುಟ್ಟದೆ ಇಳಿಯುವುದರಿಂದ ಪೆಟ್ರೋಲ್ ಕಾರುಗಳಲ್ಲಿ ಘಟ್ಟದ ಬುಡದಲ್ಲಿ ಬರುವ ಬ್ರೇಕ್ ಸುಟ್ಟ ವಾಸನೆಯೂ ಇರುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಬ್ಯಾಟರಿ ಪೂರ್ತಿ ತುಂಬಿದ್ದರೆ ಮರಳುವ ಕರೆಂಟಿಗೆ ಜಾಗವಿಲ್ಲದೆ ಈ ಹಿಡಿತ ಬಹುತೇಕ ಇಲ್ಲವಾಗುತ್ತದೆ, ಎಲ್ಲ ಭಾರವೂ ಸಾಮಾನ್ಯ ಬ್ರೇಕಿನ ಮೇಲೆ ಬೀಳುತ್ತದೆ. ಚಿಕ್ಕಮಗಳೂರಿನಿಂದ ಹೊರಟವರಿಗೆ ಘಟ್ಟ ಸಿಗುವಷ್ಟರಲ್ಲಿ ಐವತ್ತು ಕಿ.ಮೀ. ಆಗಿ ಜಾಗ ತೆರವಾಗಿರುತ್ತದೆ. ಆದರೆ ಸಕಲೇಶಪುರದ ಹೋಂಸ್ಟೇಯಲ್ಲಿ ರಾತ್ರಿಯಿಡೀ 100ಕ್ಕೆ ತುಂಬಿಸಿ ಬೆಳಿಗ್ಗೆ ನೇರ ಶಿರಾಡಿ ಘಟ್ಟಕ್ಕೆ ಇಳಿಯುವವರು 90ಕ್ಕೇ ನಿಲ್ಲಿಸುವುದು ಒಳ್ಳೆಯದು.

ಇನ್ನು ಕಾರು ಬರುವುದರೊಳಗೆ ಆಗಬೇಕಾದದ್ದು. ಇದರಲ್ಲಿ ಮುಖ್ಯವಾದದ್ದು ಮನೆಯ ವೈರಿಂಗ್, ಇದರ ಬಗ್ಗೆ ನಾನು ಸ್ವಲ್ಪ ಒತ್ತಿಯೇ ಹೇಳುತ್ತೇನೆ. ಕಾರಿನ ಜೊತೆ ಬರುವ ಪೋರ್ಟಬಲ್ ಚಾರ್ಜರ್ 15 ಆಂಪಿಯರಿನ ಸಾಕೆಟ್ಟಿಗೆ ಹಾಕುವಂಥದು, ಸುಮಾರು 3.3 ಕಿಲೋವ್ಯಾಟ್ ಎಳೆಯುತ್ತದೆ. ರಾತ್ರಿ ಹತ್ತು ಗಂಟೆ ಹಾಕಿಟ್ಟರೆ, ನಷ್ಟ ಕಳೆದು, 30 ಯೂನಿಟ್‌ನಷ್ಟು ಬ್ಯಾಟರಿಗೆ ಸೇರುತ್ತದೆ; ನಿಮ್ಮ ಬಳಕೆಗೆ ಇದೇ ಸಾಕು, 7.2 ಕಿಲೋವ್ಯಾಟಿನ ವಾಲ್‌ಬಾಕ್ಸ್ (ಗೋಡೆಗೆ ಕೂರಿಸುವ ಚಾರ್ಜರ್) ಇದ್ದರೆ ಅನುಕೂಲ, ಇಲ್ಲದಿದ್ದರೆ ತೊಂದರೆಯಿಲ್ಲ. ಆದರೆ ಗೀಸರ್ ಕಾಲು ಗಂಟೆ ಎಳೆಯುವುದಕ್ಕೂ ಕಾರು ಹತ್ತು ಗಂಟೆ ಒಂದೇ ಸಮನೆ ಎಳೆಯುವುದಕ್ಕೂ ವ್ಯತ್ಯಾಸವಿದೆ. ಹಳೆಯ ಸಾಕೆಟ್ಟಿನ ಒಳಗಿನ ಹಿಡಿತ ಸಡಿಲವಿದ್ದರೆ ಅಲ್ಲೇ ಬಿಸಿಯಾಗಿ ಪ್ಲಾಸ್ಟಿಕ್ ಕರಗುತ್ತದೆ. ಮೀಟರ್ ಬೋರ್ಡಿನಿಂದ ಕಾರು ನಿಲ್ಲುವ ಜಾಗಕ್ಕೆ ಬೇರೆಯದೇ ಲೈನ್, 4 ಚದರ ಮಿಲಿಮೀಟರ್ ತಾಮ್ರದ ವೈರು, ಅದಕ್ಕೇ ಪ್ರತ್ಯೇಕ ಎಂಸಿಬಿ (ಲೋಡ್ ಹೆಚ್ಚಾದರೆ ಲೈನ್ ಕಡಿಯುವ ಸ್ವಿಚ್) ಮತ್ತು ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್), ಒಳ್ಳೆಯ ದರ್ಜೆಯ ಇಂಡಸ್ಟ್ರಿಯಲ್ ಸಾಕೆಟ್ ಹಾಕಿಸಿ. ಅರ್ಥಿಂಗ್ ಸರಿಯಿಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ಇಟ್ಟು ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜನ್ನು ನಿಮ್ಮೆದುರೇ ಅಳೆಯಲಿ, ಅದು ಒಂದೆರಡು ವೋಲ್ಟಿಗಿಂತ ಹೆಚ್ಚಿದ್ದರೆ ಹೊಸ ಅರ್ಥ್ ಗುಂಡಿ ತೆಗೆಸಿ, ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕಿಸಿ. ನಿಮ್ಮ ಮನೆಯ ಮಂಜೂರಾದ ಲೋಡ್ ಎಷ್ಟೆಂದು ಬಿಲ್ಲಿನಲ್ಲೇ ಇರುತ್ತದೆ. ಎರಡು ಮೂರು ಕಿಲೋವ್ಯಾಟ್ ಮಾತ್ರ ಇದ್ದರೆ ಈಗಲೇ ಮೆಸ್ಕಾಂಗೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಿ. ಕಾರು ಬಂದು ನಿಂತ ಮೇಲೆ ಆ ಓಡಾಟ ಬೇಸರ ತರಿಸುತ್ತದೆ.

ಚಾರ್ಜಿಂಗ್ ಆ್ಯಪ್‌ಗಳನ್ನೂ ಈಗಲೇ ಹಾಕಿಕೊಂಡು, ಫೋನ್ ನಂಬರ್ ನೋಂದಾಯಿಸಿ, ವಾಲೆಟ್ಟಿಗೆ ಸ್ವಲ್ಪ ಹಣ ತುಂಬಿಸಿಡಿ. ಘಟ್ಟದಲ್ಲಿ ಸಿಗ್ನಲ್ ಇಲ್ಲದ ಜಾಗದಲ್ಲಿ ಓಟಿಪಿಗಾಗಿ ಕಾಯುವಂತಾಗಬಾರದು. ಪ್ಲಗ್‌ಶೇರ್‌ನಂಥ ಆ್ಯಪ್‌ನಲ್ಲಿ ಚಾರ್ಜರ್ ಇದೆ ಎಂಬುದಕ್ಕಿಂತ, ಕೊನೆಯದಾಗಿ ಯಾರು ಯಾವಾಗ ಅಲ್ಲಿ ಚಾರ್ಜ್ ಮಾಡಿದರು ಎಂಬ ಸಾಲು ಮುಖ್ಯ. ಒಂದೇ ಗನ್ ಇರುವ ಜಾಗವನ್ನು ನೆಚ್ಚಿ ಬ್ಯಾಟರಿಯನ್ನು 10 ಶೇಕಡಾಕ್ಕೆ ಇಳಿಸಬೇಡಿ.

ಮಳೆಗಾಲದ ಲೆಕ್ಕ ಬೇರೆಯಾಗಿಯೇ ಇರಬೇಕು. ಮಳೆಯಲ್ಲಿ ಚಾರ್ಜ್ ಮಾಡುವುದರಿಂದ ಅಪಾಯವಿಲ್ಲ, ಗನ್ ಸರಿಯಾಗಿ ಕೂತು ಲಾಕ್ ಆಗುವವರೆಗೆ ಕರೆಂಟ್ ಹರಿಯುವುದೇ ಇಲ್ಲ. ತೊಂದರೆ ಬೇರೆ ಕಡೆಯದು. ಗಾಳಿಗೆ ಮರ ಬಿದ್ದು ಲೈನ್ ಕಡಿದರೆ ನೀವು ನಂಬಿದ ಚಾರ್ಜರ್ ಇಡೀ ದಿನ ಸತ್ತಿರುತ್ತದೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಕುಸಿದು ಸಂಚಾರ ನಿಂತದ್ದು ನಿಮಗೆ ನೆನಪಿರುತ್ತದೆ. ಹಾಗಾದರೆ ಕುದುರೆಮುಖದ ಕಡೆಗೋ ಸಕಲೇಶಪುರದ ಕಡೆಗೋ ಸುತ್ತಬೇಕಾಗುತ್ತದೆ. ಆ ಮೂರು ನಾಲ್ಕು ತಿಂಗಳು ನಾನು ಹತ್ತು ಹನ್ನೆರಡು ಯೂನಿಟ್‌ಗಿಂತ ಕಡಿಮೆ ಉಳಿಯುವಂತೆ ಯಾವ ಪ್ರಯಾಣವನ್ನೂ ಯೋಜಿಸುವುದಿಲ್ಲ, ವಯಸ್ಸಾದವರು ಜೊತೆಗಿದ್ದರೆ ಇನ್ನೂ ಹೆಚ್ಚು.

ಡೆಲಿವರಿಯ ದಿನ ಪೂಜೆ, ಫೋಟೊಗಳ ಗಡಿಬಿಡಿಗೆ ಮುಂಚೆಯೇ ಷೋರೂಮಿನಲ್ಲಿ ಮನೆಯಲ್ಲಿ ಬಳಸುವ ಎಸಿ ಚಾರ್ಜರನ್ನೂ ಫಾಸ್ಟ್ ಚಾರ್ಜರಿನ ಡಿಸಿ ಗನ್ನನ್ನೂ ಒಮ್ಮೊಮ್ಮೆ ಚುಚ್ಚಿಸಿ ಎರಡೂ ಕೆಲಸ ಮಾಡುತ್ತವೆಯೇ ನೋಡಿ. ಸ್ಟೆಪ್ನಿ ಇದೆಯೋ ಬರೀ ಪಂಕ್ಚರ್ ಕಿಟ್ ಇದೆಯೋ ಕೇಳಿ, ಬ್ಯಾಟರಿ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬಗೆಯದಾದರೆ ಎಷ್ಟು ದಿನಕ್ಕೊಮ್ಮೆ 100ಕ್ಕೆ ತುಂಬಿಸಬೇಕೆಂದು ಕೈಪಿಡಿಯಲ್ಲಿ ಓದಿಕೊಳ್ಳಿ. ಮೊದಲ ವಾರಗಳಲ್ಲಿ ಹಾಸನ, ಬೇಲೂರು, ಕಡೂರಿನ ಕಡೆ ಓಡಿಸಿ ಯೂನಿಟ್ಟಿಗೆ ಎಷ್ಟು ಕಿ.ಮೀ. ಬರುತ್ತಿದೆ ಎಂದು ಒಂದು ಪುಸ್ತಕದಲ್ಲಿ ಬರೆದಿಟ್ಟು, ನಾನು ಮೇಲೆ ಕೊಟ್ಟ ಅಂಕಿಗಳ ಜಾಗದಲ್ಲಿ ನಿಮ್ಮವನ್ನು ಹಾಕಿ ಇನ್ನೊಮ್ಮೆ ಲೆಕ್ಕ ಮಾಡಿ. ಆಮೇಲೆ ಬೆಂಗಳೂರಿಗೆ ಹೋಗಿಬನ್ನಿ. ಮಂಗಳೂರಿಗೆ ಮಾತ್ರ, ತಾಯಿಯವರನ್ನು ಕರೆದೊಯ್ಯುವ ಮೊದಲು, ಮನೆಯ ಇನ್ನೊಬ್ಬರ ಜೊತೆ ಬಿಡುವಾಗಿ ಒಮ್ಮೆ ಹೋಗಿ ಆಸ್ಪತ್ರೆಗೆ ಹತ್ತಿರದ ಎರಡು ಚಾರ್ಜರ್‌ಗಳನ್ನು ಕಣ್ಣಾರೆ ನೋಡಿಕೊಂಡು ಬನ್ನಿ.