ನೆಲೆಯೂರುವವರೆಗೆ ಕಾಯಬೇಡಿ

ಕರ್ತನಲ್ಲಿ ಪ್ರಿಯ ಸಹೋದರಿಗೆ ವಂದನೆಗಳು.

ಹೊಸ ದೇಶಕ್ಕೆ ಬಂದು ಕೆಲವು ತಿಂಗಳಾದರೂ ಭಾನುವಾರದ ಆರಾಧನೆಯನ್ನು ತಾಯಿಸಭೆಯ ನೇರಪ್ರಸಾರದಲ್ಲೇ ನೋಡುತ್ತಿದ್ದೀರೆಂದೂ, ಪಾಳಿಯ ಕೆಲಸ, ಪರಭಾಷೆ, ಅಪರಿಚಿತ ಮುಖಗಳ ನಡುವೆ ಇಲ್ಲಿಯ ಸಭೆಗೆ ಸೇರಲು ಮನಸ್ಸು ಹಿಂಜರಿಯುತ್ತಿದೆಯೆಂದೂ ಬರೆದಿದ್ದೀರಿ. ಬದುಕು ಒಂದು ನೆಲೆಗೆ ಬಂದ ಮೇಲೆ ಸೇರಿದರೆ ಸಾಲದೇ, ಅಲ್ಲಿಯವರೆಗೆ ಮನೆಯ ಪ್ರಾರ್ಥನೆಯಿಂದಲೇ ನಂಬಿಕೆಯನ್ನು ಕಾಪಾಡಿಕೊಳ್ಳಲಾಗದೇ ಎಂದು ಕೇಳಿದ್ದೀರಿ. ನಾನೂ ನಿಮ್ಮಂತೆ ಹೊರಗಿನಿಂದ ಬಂದು ನೆಲೆಸಿದವನು, ಬಹಳ ವರ್ಷಗಳಿಂದ ವಲಸೆ ಬಂದವರ ನಡುವೆ ಸಭಾಪಾಲಕನಾಗಿ ಸೇವೆ ಮಾಡುತ್ತಿರುವವನು. ಕಾಯಬೇಡಿರೆಂದೇ ಹೇಳುತ್ತೇನೆ. ಮನೆ ಸಿಗಲಿ, ಕೆಲಸ ಖಾಯಂ ಆಗಲಿ, ಮಕ್ಕಳು ಶಾಲೆಗೆ ಹೊಂದಿಕೊಳ್ಳಲಿ ಎಂದು ಮುಂದೂಡುತ್ತಾ ಹೋದವರ ನಂಬಿಕೆ ತಣ್ಣಗಾದದ್ದನ್ನು ನಾನು ಕಂಡಷ್ಟು, ಸಂದೇಹಪಟ್ಟು ದೇವರನ್ನು ಬಿಟ್ಟವರನ್ನು ಕಂಡಿಲ್ಲ.

ಬಾಬೆಲಿಗೆ ಸೆರೆಯಾಗಿ ಹೋದ ಯೆಹೂದ್ಯರಿಗೆ ಪ್ರವಾದಿಯಾದ ಯೆರೆಮೀಯನು ಬರೆದ ಕಾಗದವನ್ನು ಒಮ್ಮೆ ನಿಧಾನವಾಗಿ ಓದಿರಿ. ಅದು ಅವನ ಗ್ರಂಥದ 29ನೆಯ ಅಧ್ಯಾಯದಲ್ಲಿದೆ. ಎರಡೇ ವರ್ಷಗಳಲ್ಲಿ ಎಲ್ಲವೂ ಮೊದಲಿನಂತಾಗುವುದೆಂದು ಹನನ್ಯನೆಂಬವನು ಪ್ರವಾದಿಸಿದ್ದ ಕಾಲ ಅದು. ಯೆರೆಮೀಯನಾದರೋ ಮರಳಿ ಬರುವುದಕ್ಕೆ 70 ವರ್ಷಗಳಾಗಬೇಕೆಂದು ಹೇಳಿ, ಮನೆ ಕಟ್ಟಿರಿ, ತೋಟ ಮಾಡಿರಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂದು ಬರೆದನು. ಆರಾಧನೆಯೂ ಬದುಕೂ ಮರಳಿ ಹೋದ ಮೇಲೆಯೇ ಎಂದುಕೊಂಡಿದ್ದ ಜನರಿಗೆ, ದೇವರು ಈಗ, ಈ ಪರಸ್ಥಳದಲ್ಲಿಯೇ ನಿಮ್ಮ ಪ್ರಾರ್ಥನೆಯನ್ನು ಕೇಳುತ್ತಾನೆಂದು ಹೇಳಿದ ಕಾಗದವದು.

ನನಗೆ ಅದಕ್ಕಿಂತಲೂ ಹತ್ತಿರವಾದವರು ಹೊಸ ಒಡಂಬಡಿಕೆಯ ದಂಪತಿಗಳಾದ ಅಕ್ವಿಲ ಮತ್ತು ಪ್ರಿಸ್ಕಿಲ್ಲ. ಯೆಹೂದ್ಯನಾದ ಅಕ್ವಿಲನು ಪೊಂತ ಸೀಮೆಯಲ್ಲಿ ಹುಟ್ಟಿ ರೋಮಿಗೆ ಹೋಗಿ ನೆಲೆಸಿದವನು, ಯೆಹೂದ್ಯರೆಲ್ಲರೂ ರೋಮನ್ನು ಬಿಟ್ಟುಹೋಗಬೇಕೆಂದು ಕ್ಲೌದ್ಯ ಚಕ್ರವರ್ತಿಯು ಆಜ್ಞೆ ಹೊರಡಿಸಿದಾಗ (ಕ್ರಿ.ಶ. 49ರ ಸುಮಾರಿಗೆ ಎಂದು ಬಹುತೇಕ ವಿದ್ವಾಂಸರು ಎಣಿಸುತ್ತಾರೆ) ಈ ದಂಪತಿ ಕೊರಿಂಥಕ್ಕೆ ಬಂದರು. ಗುಡಾರ ಮಾಡುವುದು ಅವರ ಕಸುಬು. ಅದೇ ಕಸುಬಿನ ಅಪೊಸ್ತಲ ಪೌಲನು ಅವರ ಮನೆಯಲ್ಲೇ ಉಳಿದು ಅವರೊಂದಿಗೆ ಕೆಲಸ ಮಾಡಿದನು. ಮುಂದೆ ಎಫೆಸಕ್ಕೆ ಹೋದಾಗ ಅಲ್ಲಿ ಅವರ ಮನೆಯಲ್ಲೇ ಸಭೆ ಕೂಡುತ್ತಿತ್ತು. ವಾಕ್ಚತುರ ಬೋಧಕನಾದ ಅಪೊಲ್ಲೋಸನನ್ನು ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಚೆನ್ನಾಗಿ ತಿಳಿಸಿಕೊಟ್ಟವರೂ ಅವರೇ. ರೋಮಾಪುರದವರಿಗೆ ಪೌಲನು ಪತ್ರ ಬರೆಯುವಷ್ಟರಲ್ಲಿ ಅವರು ಮತ್ತೆ ಆ ಪಟ್ಟಣದಲ್ಲಿದ್ದರು, ಅಲ್ಲಿಯೂ ಅವರ ಮನೆಯಲ್ಲಿ ಸಭೆಯಿತ್ತು. ಗಡೀಪಾರಾದವರು, ದುಡಿದು ಉಣ್ಣುವವರು, ಊರಿಂದೂರಿಗೆ ಹೋಗುತ್ತಲೇ ಇದ್ದವರು. ಆದರೂ ಹೋದಲ್ಲೆಲ್ಲಾ ಬಾಗಿಲು ತೆರೆದಿಟ್ಟರು. ನೆಲೆ ಸಿಕ್ಕಿದ ಮೇಲೆ ಸೇವೆ ಎಂದು ಅವರು ಕಾದಿದ್ದರೆ ಅಪೊಲ್ಲೋಸನಿಗೆ ಕಲಿಸುವವರು ಯಾರಿರುತ್ತಿದ್ದರೆಂದು ನಾನು ಅನೇಕ ಸಲ ಯೋಚಿಸಿದ್ದೇನೆ.

ಸಭೆಗೆ ಸೇರುವುದೆಂದರೆ ಹಿಂದಿನ ಬೆಂಚಿನಲ್ಲಿ ಕುಳಿತು ಆಶೀರ್ವಾದವಾದ ಕೂಡಲೇ ಹೊರಟುಬಿಡುವುದಲ್ಲ. ಇಬ್ರಿಯರಿಗೆ ಬರೆದ ಪತ್ರಿಕೆಯ 10ನೆಯ ಅಧ್ಯಾಯವು ಕೂಡಿಬರುವುದನ್ನು ಬಿಟ್ಟುಬಿಡಬೇಡಿರೆಂದು ಹೇಳುವಾಗ, ಒಬ್ಬರನ್ನೊಬ್ಬರು ಪ್ರೀತಿಗೂ ಸತ್ಕಾರ್ಯಕ್ಕೂ ಪ್ರೇರೇಪಿಸಬೇಕೆಂಬ ಮಾತಿಗೆ ಅದನ್ನು ಜೋಡಿಸಿದೆ. ಆದ್ದರಿಂದ ನಿಮಗೆ ಎಲ್ಲಕ್ಕಿಂತ ಒತ್ತಿ ಹೇಳುವುದೇನೆಂದರೆ, ಬೇಗನೆ ಒಂದು ಕೆಲಸವನ್ನು ಕೇಳಿ ತೆಗೆದುಕೊಳ್ಳಿರಿ. ಕುರ್ಚಿ ಹಾಕುವುದು, ಕೀರ್ತನೆ ಪುಸ್ತಕ ಹಂಚುವುದು, ಪಾಠ ಓದುವುದು, ಕಾಯಿಲೆಯವರನ್ನು ನೋಡಲು ಹೋಗುವವರ ಜೊತೆಗೆ ಹೋಗುವುದು, ಯಾವುದಾದರೂ ಸರಿ. ಭಾಷೆ ತಡವರಿಸುವವರು ಮಾತಿನಿಂದ ಪರಿಚಯ ಬೆಳೆಸುವುದು ಕಷ್ಟ; ಒಟ್ಟಿಗೆ ಕೆಲಸ ಮಾಡುವಾಗ ಮಾತು ತಾನಾಗಿಯೇ ಬರುತ್ತದೆ, ಹೆಸರು ನೆನಪಿನಲ್ಲಿ ಉಳಿಯುತ್ತದೆ, ಒಂದು ವಾರ ನೀವು ಕಾಣದಿದ್ದರೆ ಯಾರೋ ಫೋನ್ ಮಾಡುತ್ತಾರೆ. ಭಾನುವಾರ ಪಾಳಿಯಿದ್ದರೆ ವಾರದ ಮಧ್ಯದ ಪ್ರಾರ್ಥನಾ ಕೂಟಕ್ಕೆ ಹೋಗಿರಿ. ಮಕ್ಕಳ ಸಂಡೇಸ್ಕೂಲಿನಲ್ಲಿ ಸೇವೆ ಮಾಡಲು ಇಚ್ಛೆಯಿದ್ದರೆ, ಅನೇಕ ದೇಶಗಳಲ್ಲಿ ಮೊದಲು ಪೊಲೀಸ್ ದಾಖಲೆಗಳ ಪರಿಶೀಲನೆ ಆಗಬೇಕಾಗುತ್ತದೆ. ಅದನ್ನು ಅಪನಂಬಿಕೆಯೆಂದು ನೊಂದುಕೊಳ್ಳಬೇಡಿ, ಮಕ್ಕಳ ರಕ್ಷಣೆಗಾಗಿ ಎಲ್ಲರಿಗೂ ಇರುವ ನಿಯಮವದು.

ತಾಯ್ನುಡಿಯ ಸಭೆಯೋ ಸ್ಥಳೀಯರ ಸಭೆಯೋ ಎಂಬ ನಿಮ್ಮ ಇನ್ನೊಂದು ಪ್ರಶ್ನೆ ಹಳೆಯದು. 1550ರಲ್ಲಿ ಇಂಗ್ಲೆಂಡಿನ ಅರಸನಾದ ಆರನೆಯ ಎಡ್ವರ್ಡನು ಲಂಡನ್ನಿಗೆ ಬಂದಿದ್ದ ಪರದೇಶಿ ಪ್ರಾಟೆಸ್ಟೆಂಟರಿಗೆ ಅವರವರ ಭಾಷೆಯಲ್ಲಿ ಆರಾಧಿಸಲು ಅನುಮತಿ ಕೊಟ್ಟನು. ಆಗ ಆರಂಭವಾದ ಡಚ್ ಸಭೆ ಇಂದಿಗೂ ಅಲ್ಲಿದೆ. ದುಃಖ ಬಂದಾಗ ತಾಯ್ನುಡಿಯಲ್ಲಿ ಪ್ರಾರ್ಥಿಸುವವರು ಪಕ್ಕದಲ್ಲಿರುವುದು ದೊಡ್ಡ ವರ, ಅದನ್ನು ಯಾರೂ ಕೀಳಾಗಿ ಕಾಣಬಾರದು. ಆದರೂ ಅಂತಿಯೋಕ್ಯದ ಸಭೆಯನ್ನು ನೋಡಿರಿ: ಕುಪ್ರದ ಬಾರ್ನಬ, ಕುರೇನೆಯ ಲೂಕ್ಯ, ತಾರ್ಸದ ಸೌಲ (ಇವನೇ ಪೌಲನು) ಒಂದೇ ಸಭೆಯ ಮುಂದಾಳುಗಳಾಗಿದ್ದರು, ಮತ್ತು ಪೌಲನ ಪ್ರಯಾಣಗಳು ಹೊರಟದ್ದು ಆ ಸಭೆಯಿಂದಲೇ. ಇಲ್ಲಿ ಬೆಳೆಯುವ ನಿಮ್ಮ ಮಕ್ಕಳು ಕನಸು ಕಾಣುವುದು ಇಲ್ಲಿಯ ಭಾಷೆಯಲ್ಲಿ. ಅವರಿಗೆ ವಾಕ್ಯ ಅರ್ಥವಾಗುವ ಸಭೆಯೂ ಬೇಕು. ಎರಡರಲ್ಲಿ ಒಂದಕ್ಕೆ ಸದಸ್ಯರಾಗಿ, ಇನ್ನೊಂದರೊಡನೆ ಸ್ನೇಹವಿಟ್ಟುಕೊಳ್ಳಬಹುದು.

ಒಂದು ಎಚ್ಚರಿಕೆಯನ್ನೂ ಹೇಳದೆ ಇರಲಾರೆ. ಕಾಣಿಕೆ ಕೊಟ್ಟರೆ ವೀಸಾ ಆಗುವುದೆಂದು ಹೇಳುವವರಿಂದಲೂ, ಮನೆಯವರೊಂದಿಗೆ ಮಾತು ಬಿಡಿಸುವವರಿಂದಲೂ, ಸಭೆಯ ಲೆಕ್ಕವನ್ನು ಸದಸ್ಯರ ಮುಂದೆ ಇಡದವರಿಂದಲೂ ದೂರವಿರಿ. ಹೊಸಬರ ಒಂಟಿತನವನ್ನು ಬಳಸಿಕೊಳ್ಳುವವರು ಕ್ರಿಸ್ತನ ಹೆಸರಿನಲ್ಲಿಯೂ ಇದ್ದಾರೆಂಬುದು ನನಗೆ ತೀವ್ರ ನೋವಿನ ವಿಷಯ.

ನೇರಪ್ರಸಾರವನ್ನು ಬಿಡಿರೆಂದು ನಾನು ಹೇಳುವುದಿಲ್ಲ. ಹಾಸಿಗೆ ಹಿಡಿದವರಿಗೆ ಅದು ನಿಜವಾದ ಆಸರೆ. ಆದರೆ ಪರದೆಯ ಮುಂದೆ ನಿಮ್ಮ ಕೈಗೆ ಕರ್ತನ ಭೋಜನದ ರೊಟ್ಟಿಯನ್ನೂ ಪಾತ್ರೆಯನ್ನೂ ಕೊಡುವವರಿಲ್ಲ, ನಿಮ್ಮ ಮುಖ ಬಾಡಿರುವುದನ್ನು ನೋಡುವವರೂ ಇಲ್ಲ. ತಾಯಿಸಭೆಯ ಪಾಲಕರಿಂದ ಸದಸ್ಯತ್ವದ ಪತ್ರವನ್ನು ತರಿಸಿಕೊಳ್ಳಿರಿ. ಕೊರಿಂಥದ ಬಂದರಾದ ಕೆಂಖ್ರೆಯ ಸಭೆಯ ಸೇವಕಿಯಾದ ಫೊಯಿಬೆಯನ್ನು ಪೌಲನು ರೋಮಿನ ಸಭೆಗೆ ಪರಿಚಯಿಸಿ ಬರೆದಂಥ ಪತ್ರವದು. ಮುಂದಿನ ಕರ್ತನ ಭೋಜನದ ಭಾನುವಾರ ಯಾವುದೆಂದು ಹತ್ತಿರದ ಸಭೆಯಲ್ಲಿ ವಿಚಾರಿಸಿ, ಆ ದಿನಕ್ಕೆ ಪಾಳಿ ಬದಲಾಯಿಸಿಕೊಳ್ಳಲು ಸಾಧ್ಯವೇ ಎಂದು ಈ ವಾರವೇ ಕೇಳಿರಿ. ಆರಾಧನೆ ಮುಗಿದ ಮೇಲೆ ಪಾಲಕರನ್ನು ಕಂಡು, ಪತ್ರವನ್ನು ಅವರ ಕೈಗೆ ಕೊಟ್ಟು, ನಾನು ಯಾವ ಕೆಲಸಕ್ಕೆ ಒದಗಬಹುದು ಎಂದು ವಿಚಾರಿಸಿರಿ.