ಗೋಡೆ ಕೌದಿ ಮಂಕಾಗಿದೆ ಎಂದು ಕೇಳಿದವರಿಗೆ

ಹಳೆ ಬಟ್ಟೆ ತುಂಡು ಜೋಡಿಸಿ ಹೊಲಿದ ನಿಮ್ಮ ಗೋಡೆ ಕೌದಿಯಲ್ಲಿ ಹಕ್ಕಿ ಎದ್ದು ಕಾಣುತ್ತಿಲ್ಲ, ಇನ್ನೂ ನಾಲ್ಕು ಕೆಂಪು ತುಂಡು ಸೇರಿಸಲಾ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ನಿಮ್ಮ ಕೌದಿಯಲ್ಲಿ ಬಣ್ಣಕ್ಕೇನೂ ಬರ ಇಲ್ಲ. ತಿಳಿ ಬಟ್ಟೆಯೇ ಇಲ್ಲ.

ಫೋಟೋ ನೋಡಿ ನನ್ನ ಮೊದಲ ಗೋಡೆ ಕೌದಿ ನೆನಪಾಯಿತು. ಅಜ್ಜಿಯ ಇಳಕಲ್ ಸೀರೆಗಳ ಮೆರೂನ್, ಕಡುಹಸಿರು, ನವಿಲುನೀಲಿ. ಕೈಯಲ್ಲಿ ಹಿಡಿದರೆ ಒಂದಕ್ಕಿಂತ ಒಂದು ಚೆಂದ. ನಾಲ್ಕು ತಿಂಗಳು ಕೂತು ಒಂದು ನವಿಲು ಹೊಲಿದು, ಗೋಡೆಗೆ ಹಾಕಿ, ಹತ್ತು ಅಡಿ ಹಿಂದೆ ನಿಂತರೆ ನವಿಲೇ ಇಲ್ಲ! ಫೋನಿನಲ್ಲಿ ಕಪ್ಪು-ಬಿಳುಪು ಫೋಟೋ ತೆಗೆದೆ. ಮೂರು ಬಣ್ಣವೂ ಒಂದೇ ಬೂದು. ಕೊಕ್ಕಿನ ಹತ್ತಿರ ಸವೆದ ಬಿಳಿ ಧೋತರದ ಒಂದು ಚೂರಿತ್ತು, ಕಣ್ಣಿಗೆ ಬಿದ್ದದ್ದು ಅದೊಂದೇ. ರೆಕ್ಕೆಯ ಅಂಚು ಬಿಚ್ಚಿ ಅದೇ ಧೋತರದ ಬೆರಳಗಲ ಪಟ್ಟಿ ಕೂರಿಸಿದ ಮೇಲೆ ನವಿಲು ಎದ್ದು ಬಂತು.

ಹೊಲಿಯುವ ಮೊದಲೇ ತಿಳಿ, ನಡು, ಕಡು ಅಂತ ಮೂರು ಗುಡ್ಡೆ ಮಾಡಿ. ಅನುಮಾನ ಬಂದರೆ ಕಣ್ಣು ಕಿರಿದು ಮಾಡಿ ನೋಡಿ, ಇಲ್ಲ ಫೋಟೋ ತೆಗೆಯಿರಿ. ಚೌಕಳಿ ಬಟ್ಟೆ ಮಾತ್ರ ಮೋಸ ಮಾಡುತ್ತದೆ, ಹತ್ತಿರದಿಂದ ತಿಳಿ, ದೂರದಿಂದ ನಡು.

ಹಳಿಯಾಳ, ಯಲ್ಲಾಪುರ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರ ಕೌದಿ ಗಮನಿಸಿ. ಅಂಚಿನಿಂದ ಶುರು ಮಾಡಿ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ, ತುಂಡುಗಳನ್ನು ಹೋಗ್ತಾ ಹೋಗ್ತಾ ಸೇರಿಸುತ್ತಾರೆ. ಪಕ್ಕದ ತುಂಡು ನೋಡಿಯೇ ಮುಂದಿನದನ್ನು ಆರಿಸಬಹುದು. ನೀವು ಎಲ್ಲವನ್ನೂ ಮೊದಲೇ ಅಂಟಿಸಿಬಿಟ್ಟಿದ್ದೀರಿ, ಅದೇ ತೊಂದರೆ ಆಗಿದ್ದು. ಅವರ ದಾರಿ ಹಿಡಿದರೆ ತುಂಡುಗಳ ಅಡಿಗೆ ಕೊಟ್ಟ ಸೀರೆಯನ್ನು ಆಗಾಗ ನೆಲಕ್ಕೆ ಹಾಸಿ ಸವರಿ, ಇಲ್ಲದಿದ್ದರೆ ನಡುವಿನಲ್ಲಿ ಉಬ್ಬುತ್ತದೆ.

ಇನ್ನೊಂದು. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತೆ ಎಂದು ಇನ್ನೊಬ್ಬರು ನಿಮಗೆ ಬರೆದಿದ್ದಾರೆ. ಸುಮ್ನೆ ಹೇಳಬೇಡಿ, ಬಿಡುವ ಬಣ್ಣ ಉಪ್ಪಿಗೆ ನಿಲ್ಲಲ್ಲ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಕೆಂಪು ಅಂಟಿದರೆ, ನೀರು ತಿಳಿಯಾಗುವ ತನಕ ಒಗೆಯಿರಿ. ಆಮೇಲೂ ಬಿಟ್ಟರೆ ಆ ತುಂಡು ಬಿಳಿ ಧೋತರದ ಪಕ್ಕ ಬೇಡವೇ ಬೇಡ.

ದಾರಕ್ಕೆ ನಾನು ಆಂಕರ್ ಪರ್ಲ್ ಕಾಟನ್ 8 (8ನೇ ನಂಬರಿನ ಹತ್ತಿ ಕಸೂತಿ ದಾರ) ಬಿಟ್ಟು ಬೇರೆ ಮುಟ್ಟಲ್ಲ. ಪಾಲಿಯೆಸ್ಟರ್ ದಾರದಲ್ಲಿ ಹೊಲಿದ ನನ್ನ ಎರಡು ಕೌದಿಯಲ್ಲಿ ಸವೆದ ಹತ್ತಿ ಹರಿದಿದೆ.

ನಿಮ್ಮ ಹಕ್ಕಿಗೆ ಬೆನ್ನಿನ ಅಂಚಷ್ಟೇ ಬಿಚ್ಚಿ ತಿಳಿ ಬಟ್ಟೆಯ ಪಟ್ಟಿ ಕೂರಿಸಿದರೆ ಸಾಕು. ಎಳೆದು ಬಿಚ್ಚಬೇಡಿ, ಸೀರೆ ಹರಿಯುತ್ತದೆ. ನಾಲ್ಕು ಹೊಲಿಗೆಗೊಮ್ಮೆ ಸಣ್ಣ ಕತ್ತರಿಯಿಂದ ದಾರ ಕತ್ತರಿಸಿ, ಹಿಂದಿನಿಂದ ದಾರದ ಚೂರು ಒಂದೊಂದೇ ತೆಗೆಯಿರಿ.