ಮದುವೆಯ ತನಕ ಕಾಯುವ ಕಾಯಿಲೆ ಅಲ್ಲ

ಕಾಪುವಿನಿಂದ ಓದುಗರೊಬ್ಬರು ಬರೆದಿದ್ದಾರೆ: "ನನಗೆ 23 ವರ್ಷ. ಮಣಿಪಾಲದಲ್ಲಿ ಕೆಲಸ. ಮುಟ್ಟು ವರ್ಷಕ್ಕೆ ನಾಲ್ಕೈದು ಸಲ ಬಂದರೆ ಜಾಸ್ತಿ. ಗಲ್ಲದ ಕೆಳಗೆ ದಪ್ಪ ಕೂದಲು ಬರ್ತದೆ. ಬೆಳಿಗ್ಗೆ ಬಸ್ಸಿಗೆ ಹೊರಡುವ ಮೊದಲು ಪ್ಲಕ್ಕರ್ ಹಿಡಿದು ಕಿಟಕಿ ಹತ್ತಿರ ನಿಲ್ಲುವುದೇ ಒಂದು ಕೆಲಸ. ಸ್ಕ್ಯಾನ್ ಮಾಡಿ ಪಿಸಿಓಡಿ ಎಂದರು, ಮಾತ್ರೆ ಬರೆದುಕೊಟ್ಟರು. ಅಮ್ಮ ತೆಗೆದುಕೊಳ್ಳಲು ಬಿಡಲಿಲ್ಲ. ಫೈಲನ್ನು ಕಪಾಟಿನಲ್ಲಿ ಸೀರೆಗಳ ಅಡಿಯಲ್ಲಿ ಇಟ್ಟಿದ್ದಾರೆ. ಸಂಬಂಧ ನೋಡುತ್ತಿದ್ದಾರೆ. ಯಾರಿಗೂ ಹೇಳಬೇಡ, ಮದುವೆಯಾದರೆ ಎಲ್ಲ ಸರಿಯಾಗ್ತದೆ ಅನ್ನುತ್ತಾರೆ. ಗಡ್ಡೆ ತೆಗೆಸಬೇಕಾ? ನನಗೆ ಮಕ್ಕಳಾಗುವುದಿಲ್ಲವಾ?"

ಸಂಪಾದಕರ ಉತ್ತರ:

ಮೊದಲು ಗಡ್ಡೆಯ ವಿಷಯ. ಪಿಸಿಓಡಿಯಲ್ಲಿ (ಪಾಲಿಸಿಸ್ಟಿಕ್ ಓವರಿ ಕಾಯಿಲೆ, ಡಾಕ್ಟರು ಪಿಸಿಓಎಸ್ ಎಂದು ಬರೆದಿದ್ದರೂ ಅದೇ) ಸ್ಕ್ಯಾನಿನಲ್ಲಿ ಕಾಣುವುದು ಗಡ್ಡೆ ಅಲ್ಲ. ಅಂಡಾಶಯದಲ್ಲಿ ಮೊಟ್ಟೆ ಬೆಳೆಯಬೇಕಾದ ಪುಟ್ಟ ಪುಟ್ಟ ಚೀಲಗಳು ಅವು. ಒಂದೊಂದೂ ಒಂದು ಸೆಂಟಿಮೀಟರಿಗಿಂತ ಚಿಕ್ಕದು. ತಿಂಗಳಿಗೊಂದು ದೊಡ್ಡದಾಗಿ ಮೊಟ್ಟೆ ಹೊರಗೆ ಬರಬೇಕು. ಇಲ್ಲಿ ಅವು ಅರ್ಧಕ್ಕೇ ನಿಂತುಬಿಡುತ್ತವೆ. 1935ರಲ್ಲಿ ಶಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ಇದನ್ನು ವಿವರಿಸಿದಾಗ ಅಂಡಾಶಯದ ಒಂದು ತುಂಡನ್ನು ಕತ್ತರಿಸಿ ತೆಗೆಯುವುದೇ ಚಿಕಿತ್ಸೆಯಾಗಿತ್ತು. ಆ ಕಾಲ ಹೋಯಿತು. ಈಗ ಶುರುಮಾಡುವುದು ಮಾತ್ರೆಯಿಂದ.

ಇದು ಅಂಡಾಶಯದ ಕಾಯಿಲೆ ಮಾತ್ರ ಎಂದುಕೊಂಡರೆ ಅರ್ಧ ವಿಷಯ ಬಿಟ್ಟ ಹಾಗೆ. ಎಷ್ಟೋ ಜನರಲ್ಲಿ ಇದರ ಹಿಂದೆ ರಕ್ತದ ಸಕ್ಕರೆಯನ್ನು ಹಿಡಿತದಲ್ಲಿಡುವ ಇನ್ಸುಲಿನ್ ಇದೆ. ಮೈ ಇನ್ಸುಲಿನ್ ಮಾತು ಸರಿಯಾಗಿ ಕೇಳುವುದಿಲ್ಲ, ಹಾಗಾಗಿ ದೇಹ ಇನ್ನಷ್ಟು ಇನ್ಸುಲಿನ್ ಮಾಡುತ್ತದೆ. ಅದು ಜಾಸ್ತಿಯಾದಷ್ಟೂ ಅಂಡಾಶಯ ಟೆಸ್ಟೋಸ್ಟೆರಾನ್, ಅಂದರೆ ಗಂಡಸರ ಹಾರ್ಮೋನು ಎನ್ನುವುದನ್ನು, ಜಾಸ್ತಿ ಮಾಡುತ್ತದೆ. ಈ ಹಾರ್ಮೋನು ಎಲ್ಲ ಹೆಂಗಸರಲ್ಲೂ ಸ್ವಲ್ಪ ಇರುತ್ತದೆ, ಹೆಚ್ಚಾದರೆ ತೊಂದರೆ. ನಿಮ್ಮ ಗಲ್ಲದ ಕೂದಲು, ಕೆಲವರಿಗೆ ಬಿಡದೇ ಬರುವ ಮೊಡವೆ, ನೆತ್ತಿಯಲ್ಲಿ ಕೂದಲು ತೆಳ್ಳಗಾಗುವುದು, ಎಲ್ಲಾ ಇದರಿಂದಲೇ. ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪಗಾಗಿದೆಯಾ ನೋಡಿ. ಇದ್ದರೆ ಸೋಪು ಹಾಕಿ ತಿಕ್ಕಬೇಡಿ. ಅದು ಕೊಳೆ ಅಲ್ಲ, ಇನ್ಸುಲಿನ್ ಹೆಚ್ಚಾಗಿರುವ ಗುರುತು.

ದಪ್ಪಗಿದ್ದವರಿಗೆ ಮಾತ್ರ ಇದು ಬರುತ್ತದೆ ಎಂಬ ಮಾತೂ ಇದೆ. ಕಡ್ಡಿಯಂತಿರುವ ಹುಡುಗಿಯರಿಗೂ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಹೆರುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 10ರಿಂದ 13 ಮಂದಿಗೆ ಇದಿದೆ. ನೀವು ಹತ್ತುವ ಬಸ್ಸಿನಲ್ಲೇ ಇನ್ನೂ ಇಬ್ಬರು ಮೂವರು ಇದ್ದಾರು.

ಇನ್ನು ಅಮ್ಮನ ಮಾತಿಗೆ ಬರುತ್ತೇನೆ. ನನಗೆ ಅವರ ಮೇಲೆ ಕೋಪ ಇಲ್ಲ. ನಮ್ಮೂರಲ್ಲಿ ಸಂಬಂಧ ಕುದುರುವ ಹೊತ್ತಿಗೆ ನಾಲ್ಕು ಜನರ ಬಾಯಿ ಹೇಗೆ ಓಡುತ್ತದೆ ಎಂದು ಅವರಿಗೆ ಗೊತ್ತು. ಆದರೆ 'ಮದುವೆಯಾದರೆ ಸರಿಯಾಗ್ತದೆ' ಎಂಬುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಮೊಟ್ಟೆ ಬಿಡುಗಡೆಯಾಗದ ತಿಂಗಳು ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಸಾಕಷ್ಟು ಹುಟ್ಟುವುದಿಲ್ಲ. ಅದಿಲ್ಲದೆ ಗರ್ಭಕೋಶದ ಒಳಪದರ ಉದುರದೆ ದಪ್ಪಗಾಗುತ್ತಾ ಹೋಗುತ್ತದೆ. ವರ್ಷಗಟ್ಟಲೆ ಹೀಗೇ ಬಿಟ್ಟರೆ ಮುಂದೆ ಆ ಪದರದ ಕ್ಯಾನ್ಸರಿನ ಅಪಾಯ ಜಾಸ್ತಿ. ಅದಕ್ಕೇ ಮುಟ್ಟು ಮೂರು ತಿಂಗಳು ಬರದಿದ್ದರೆ ಸುಮ್ನೆ ಕೂರಬಾರದು. ಡಾಕ್ಟರು ಬರೆದ ಮಾತ್ರೆಯ ಒಂದು ಕೆಲಸ ಈ ಪದರವನ್ನು ಕಾಯುವುದು.

ಆ ಮಾತ್ರೆ ಗರ್ಭನಿರೋಧಕ ಎಂದು ಪೊಟ್ಟಣದಲ್ಲಿ ಓದಿ ಅಮ್ಮ ಹೆದರಿರಬಹುದು. ಅದರಿಂದ ಮುಂದೆ ಮಕ್ಕಳಾಗದೆ ಹೋಗುವುದಿಲ್ಲ. ನಿಲ್ಲಿಸಿದ ಮೇಲೆ ಅದರ ಪರಿಣಾಮವೂ ಹೋಗುತ್ತದೆ. ಬಿಪಿ, ಮೈಗ್ರೇನ್, ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿದ್ದು ಇದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ, ಬೇರೆ ದಾರಿ ಇದೆ. ಕೂದಲಿನ ವಿಷಯದಲ್ಲಿ ಮಾತ್ರ ಆರು ತಿಂಗಳಾದರೂ ತಾಳ್ಮೆ ಬೇಕು. ಅಷ್ಟರ ತನಕ ಥ್ರೆಡ್ಡಿಂಗ್ ಮಾಡಿಸಿದರೆ ಏನೂ ತಪ್ಪಿಲ್ಲ.

ಮಕ್ಕಳ ಪ್ರಶ್ನೆ. ಮೊಟ್ಟೆ ಅಪರೂಪಕ್ಕೆ ಬಿಡುಗಡೆಯಾಗುವುದರಿಂದ ಕೆಲವರಿಗೆ ತಡವಾಗುತ್ತದೆ. ಎಷ್ಟೋ ಜನ ಯಾವ ಔಷಧಿಯೂ ಇಲ್ಲದೆ ಗರ್ಭಿಣಿಯಾಗುತ್ತಾರೆ. ಆಗದಿದ್ದರೆ ಮೊಟ್ಟೆ ಬಿಡುಗಡೆ ಮಾಡಿಸಲು ಲೆಟ್ರೋಜೋಲ್ ಎಂಬ ಮಾತ್ರೆಯಿಂದ ಶುರುಮಾಡುತ್ತಾರೆ. ಹುಡುಗನಿಗೆ ಹೇಳಬೇಕಾ ಎಂದು ನೀವು ಕೇಳಲಿಲ್ಲ. ಕೇಳಿದ್ದರೆ ಹೇಳಿ ಎನ್ನುತ್ತಿದ್ದೆ, ಅದೂ ನಿಶ್ಚಿತಾರ್ಥಕ್ಕೆ ಮೊದಲು. ಇಷ್ಟಕ್ಕೇ ಹಿಂದೆ ಸರಿಯುವವನು ಮೊದಲೇ ಹೋದರೆ ಒಳ್ಳೆಯದಲ್ವಾ?

ಊಟದ ಬಗ್ಗೆ ಒಂದೆರಡು ಮಾತು. ಗಂಜಿ, ನೀರುದೋಸೆ ಬಿಟ್ಟುಬಿಡಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತೊಂದರೆ ಇರುವುದು ಉಪ್ಪಿನಕಾಯಿ ನೆಂಚಿಕೊಂಡು ಬರೀ ಗಂಜಿಯಲ್ಲೇ ಹೊಟ್ಟೆ ತುಂಬಿಸುವುದರಲ್ಲಿ. ಗಂಜಿ ಕಡಿಮೆ ಮಾಡಿ, ಪಕ್ಕದಲ್ಲಿ ಹೆಸರುಕಾಳಿನ ಪಲ್ಯ, ಬಸಳೆ, ಮೀನು ತಿನ್ನುವವರಾದರೆ ಬೂತಾಯಿ ಜಾಸ್ತಿ ಮಾಡಿ. ಸಂಜೆಯ ಚಹಾದ ಜೊತೆ ಬನ್ಸ್ ದಿನಾ ಬೇಡ. ತೂಕ ಜಾಸ್ತಿ ಇರುವವರು ನೂರಕ್ಕೆ ಐದು ಪಾಲು ಇಳಿಸಿದರೂ ಮುಟ್ಟು ಸರಿಹೋಗುವುದುಂಟು. ತೂಕ ಇಳಿಯದಿದ್ದರೂ ನಡಿಗೆ ಬಿಡಬೇಡಿ, ಇನ್ಸುಲಿನ್ ಕೆಲಸ ಮಾಡಲು ಅದೇ ಸಹಾಯ.

ಬೆಳಿಗ್ಗೆ ಕಿಟಕಿ ಹತ್ತಿರ ನಿಂತು ಅಳು ಬರುತ್ತಿದ್ದರೆ, ನಿದ್ದೆ ಕೆಟ್ಟಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಈ ಕಾಯಿಲೆಯಲ್ಲಿ ಖಿನ್ನತೆ, ಆತಂಕ ಹೆಚ್ಚು.

ಈ ವಾರವೇ ಸ್ತ್ರೀರೋಗ ತಜ್ಞರ ಹತ್ತಿರ ಮತ್ತೆ ಹೋಗಿ. ಬರೀ ಸ್ಕ್ಯಾನ್ ನೋಡಿ ಈ ಕಾಯಿಲೆ ಎನ್ನಲು ಬರುವುದಿಲ್ಲ, ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನು) ರಕ್ತಪರೀಕ್ಷೆ ಆಗಿದೆಯಾ ಕೇಳಿ. ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ಮಾಡುವ ಶುಗರ್ ಪರೀಕ್ಷೆ, ಕೊಲೆಸ್ಟರಾಲ್, ಬಿಪಿ ನೋಡಿಸಿ. ಹಿಂದಿನ ಒಂದು ವರ್ಷದ ಮುಟ್ಟಿನ ತಾರೀಕು ನೆನಪಿದ್ದಷ್ಟು ಬರೆದುಕೊಳ್ಳಿ. ಸಾಧ್ಯವಾದರೆ ಅಮ್ಮನನ್ನೂ ಕರೆದುಕೊಂಡು ಹೋಗಿ, ಮಾತ್ರೆಯ ವಿಷಯ ಡಾಕ್ಟರ ಬಾಯಿಂದಲೇ ಕೇಳಲಿ. ಬರುವುದಿಲ್ಲ ಎಂದರೆ ಒಬ್ಬರೇ ಹೋಗಿ. 23 ವರ್ಷದವರಿಗೆ ಯಾರ ಸಹಿಯೂ ಬೇಕಿಲ್ಲ.